ಕ್ಯಾಸೆಟ್ಟಿನ ಹುಡುಗಿ, ಅವ್ವನ ಹೋಳಿಗಿ

ನಾ ಏನೇ ತರಲಿ, ಅದು ನಮ್ಮನಿ ಹೊಸ್ತಿಲ ದಾಟಿತಂದ್ರ ಅದರ ಬುದ್ಧಿ ಕೆಡತದ. ಊರ ಮಂದಿ ಮನ್ಯಾಗ ವಿಡಿಯೋ ಗೇಮ್ ಬಂದ್ರ ಹುಡುಗರು ಕೆಡತಾರ. ನಮ್ಮನ್ಯಾಗ ಅವ್ವ ಕೆಟ್ಟಳು.

ನಾ ಪುಣೆದ ಶಿವಾಜಿನಗರದಾಗ ಒಂದು ಆಫೀಸಿನ್ಯಾಗ ಕಾರಕೂನ, ಮನಿ ಬಿಬವೇವಾಡಿಯಾಗ. ಮಂದಿ ಅಂಚೆಚೀಟಿ ಕೂಡಸ್ತಾರ, ನಾ ಗೇಮ್ ಕ್ಯಾಸೆಟ್ ಕೂಡಸ್ತಿದ್ದೆ. ಎಲ್ಲಾ ಒಂದೇ ಜಾತಿವು: ಒಬ್ಬ ಸಣ್ಣ ಮನಷ್ಯಾ ಎಡಕಿನಿಂದ ಬಲಕ್ಕ ಓಡ್ತಾನ, ತಗ್ಗು ಬಂದ್ರ ಜಿಗೀತಾನ, ಜಿಗೀಲಿಲ್ಲಂದ್ರ ಸಾಯ್ತಾನ. ಕಾರು, ಬಂದೂಕು, ಗುದ್ದಾಟದ ಆಟ ನಮಗ ಸೇರೂದಿಲ್ರಿ. ಜಿಗಿಯೂ ಆಟದಾಗ ಒಂದು ನ್ಯಾಯ ಅದ. ಬಿದ್ರ ತಪ್ಪು ನಮ್ಮದೇ.

ಮೊದಲನೇ ಕ್ಯಾಸೆಟ್ ಹಳೇ ಸಾಮಾನು ಮಾರೂ ಜುನಾ ಬಜಾರದಾಗ ಸಿಕ್ಕಿತು, ತೊಂಬತ್ತರ ದಶಕದ ನಡುವ. ಕತಿ ಇಷ್ಟ: ರಾಕ್ಷಸ ಒಬ್ಬಾಕಿ ರಾಜಕುಮಾರಿನ್ನ ಹೊತಗೊಂಡ ಹೋಗಿ ಎಂಟನೇ ಕೋಟ್ಯಾಗ ಕೂಡಿ ಹಾಕ್ಯಾನ. ಅದನ್ನ ನೋಡಿ ಅವ್ವ ಎದಿ ಮ್ಯಾಲ ಕೈ ಇಟಗೊಂಡಳು.

"ಯಾರ ಮಗಳೋ ಏನೋ! ಬಿಡಿಸಿಕೊಂಡ ಬಾರೋ."

"ಅವ್ವಾ, ಇದು ಆಟ."

"ನಿನಗ ಆಟ. ಅಕಿನ್ನ ಹೆತ್ತಾಕಿಗೆ?"

ಅಲ್ಲಿಗೇ ಬಿಡಲಿಲ್ಲ. ದೇವರ ಮುಂದ ನಿಂತು ಹರಕಿ ಹೊತ್ತಳು: ಆ ಹುಡುಗಿ ಕೋಟಿ ಬಿಟ್ಟು ಹೊರಗ ಬರೂತನಕ ಈ ಮನ್ಯಾಗ ಯಾರೂ ಹೋಳಿಗಿ ಮುಟ್ಟೂದಿಲ್ಲ! ನಾ ನಕ್ಕೆ. ಒಂದು ವಾರದ ಕೆಲಸ ಅಂತ ತಿಳಕೊಂಡಿದ್ದೆ. ಆರು ವರ್ಷ ಹಿಡೀತ್ರೀ! ಹೋಳಿ ಹುಣ್ಣಿವಿಗೆ ಇಡೀ ಪುಣೆ ಬ್ಯಾಳಿ ಕುದಸ್ತಿದ್ರ ನಾವು ಗಂಡ ಹೆಂಡತಿ ಉಪ್ಪಿಟ್ಟು ತಿಂತಿದ್ವಿ.

೧. ಎಂಜಲ

ಕ್ಯಾಸೆಟ್ ಹತ್ತಲಿಲ್ಲಂದ್ರ ಅದರ ಬಾಯಿಗೆ ಬಾಯಿ ಹಚ್ಚಿ ಊದಬೇಕು. ಇದು ಜಗತ್ತಿನ ಎಲ್ಲಾ ಹುಡುಗರಿಗೂ ಗೊತ್ತಿದ್ದ ಶಾಸ್ತ್ರ. ಒಂದಿನ ನಾ ಊದೂದನ್ನ ಅವ್ವ ನೋಡಿದಳು.

"ಇದು ಹಳೇದಲ್ಲೇನು? ನಿನಕಿಂತ ಮೊದಲ ಎಷ್ಟ ಮಂದಿ ಊದ್ಯಾರ?"

"ಊದಿರಬೇಕು, ನಾಕೈದು ಮಂದಿ."

"ಶಿವ ಶಿವಾ! ಅಷ್ಟೂ ಮಂದಿ ಎಂಜಲ ದೇವರ ಮಾಡದ ಕೆಳಗ ಇಟ್ಟೀಯಲ್ಲೋ!"

ಸಂಜಿಗೆ ಆಫೀಸಿನಿಂದ ಬಂದ್ರ ಕ್ಯಾಸೆಟ್ ಡಬ್ಬಿ ಖಾಲಿ. ಮಾಳಗಿ ಮ್ಯಾಲ ಹೋಗಿ ನೋಡತೀನಿ, ಸಂಡಿಗಿ ಒಣಾ ಹಾಕಿದ್ದ ಸೀರಿ ಮ್ಯಾಲ, ಒಂದು ಸಾಲು ಸಂಡಿಗಿ ಒಂದು ಸಾಲು ಕ್ಯಾಸೆಟ್. ನಲವತ್ತೊಂದು! ಒಂದೊಂದನ್ನೂ ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳದಿದ್ದಳು. ಕಾಗಿ ಬರಬಾರದಂತ ನನ್ನ ಹೆಂಡತಿನ್ನ ಕಾವಲ ಕೂಡಿಸಿದ್ದಳು.

ಕಣ್ಣಾಗ ನೀರು ಬಂತು, ಖರೇನೇ ಹೇಳತೀನಿ. ಎರಡು ದಿನ ಒಣಗಿಸಿ, ಹೆದರಕೋತ ಒಂದೊಂದಾಗಿ ಹಚ್ಚಿದೆ. ಎಲ್ಲಾನೂ ಒಂದೇ ಹೊಡ್ತಕ್ಕ ಸುರು ಆದ್ವು, ಎರಡು ವರ್ಷದಿಂದ ಸತ್ತು ಬಿದ್ದಿದ್ದವೂ ಸಹಿತ.

ಅವ್ವ ಅಂದಳು, "ಸಂಡಿಗಿ ಇನ್ನೂ ಒಂದು ಬಿಸಲು ಕೇಳತಾವ. ನಿನ್ನವು ಆದ್ವು."

೨. ಹಾವು

ನಮ್ಮ ಕೆಳಗಿನ ಮನ್ಯಾಗ ಉಡುಪಿ ಕಡೆಯವರು, ಹೋಟೆಲ್ ನಡಸ್ತಿದ್ರು. ಸೋಮವಾರ ಹೋಟೆಲ್ ಬಂದ್. ಅವತ್ತ ಸಂಜಿಗೆ ನಮ್ಮನಿಗೆ ಬಂದು ಕೂತು, "ನಂಗೂ ಒಂದು ಕೈ ಕೊಡಿ ಮಾರಾಯ್ರೆ" ಅಂತಿದ್ರು. ಭಾಳ ಛಲೋ ಮನಷ್ಯಾ. ಅವ್ವನ ಹರಕಿ ಗೊತ್ತಾದ ಮ್ಯಾಲ ಅವರೂ ಹುಡುಗಿ ಬಿಡಸಾಕ ನಿಂತರು.

ಮೂರನೇ ಕೋಟ್ಯಾಗ ಹಾವು ಬರತಾವ. ಅವುಗಳ ತಲಿ ಮ್ಯಾಲ ಜಿಗಿದು ಕೊಲ್ಲಬೇಕು.

"ಹಾವು? ನಾನು ಕೊಲ್ಲುದಿಲ್ಲ ಮಾರಾಯ್ರೆ. ನಮ್ಮದು ನಾಗಬನ ಇರುವ ಮನೆ."

"ಮತ್ತ ಹೆಂಗ ದಾಟತೀರಿ?"

"ಬದಿಯಿಂದ ಹೋಗ್ತೇನೆ."

ಆ ಆಟದಾಗ ಬದಿ ಅನ್ನೂದ ಇಲ್ರಿ! ಹಾವು ಬಂದಾಗೊಮ್ಮೆ ಹಿಂದ ಸರದು, ಕೈ ಮುಗದು, ಹಾವಿನ ಬಾಯಾಗ ತಾವ ಸತ್ತರು. ಮೂರನೇ ಸಲ ಗಡಬಿಡಿಯೊಳಗ ಗುಂಡಿ ಒತ್ತಿ ಒಂದು ಹಾವಿನ ಮ್ಯಾಲ ಬಿದ್ರು. ಹಾವು ಚಪ್ಪಟಿ. ಅದರ ಹಿಂದ ಬಂದ ಇನ್ನೊಂದು ಹಾವು ಇವರನ್ನೂ ಮುಗಿಸಿತು. ಮಾರಿ ಬಿಳಿಚಿಕೊಂಡು, ಚಾ ಸುದ್ಧಾ ಕುಡೀದ ಎದ್ದು ಹೋದರು.

ಮುಂದಿನ ತಿಂಗಳ ಊರಿಗೆ ಹೋಗಿ ಸರ್ಪದೋಷಕ್ಕ ಆಶ್ಲೇಷಾ ಬಲಿ ಮಾಡಿಸಿ ಬಂದ್ರು. ಭಟ್ರು ಸಂಕಲ್ಪಕ್ಕ ಮೊದಲ ಕೇಳಿದ್ರಂತ, "ಸತ್ತದ್ದು ಎಷ್ಟು?"

ಇವರು ಸುಳ್ಳು ಹೇಳೂ ಪೈಕಿ ಅಲ್ಲ. "ಹಾವು ಒಂದು ಭಟ್ರೆ. ನಾನು ಮೂರು ಸಲ."

೩. ರಜಾ

ಈ ಆಟದಾಗ ಒಂದು ಪೀಡಾ ಏನಂದ್ರ, ನಡುವ ಬಂದ್ ಮಾಡಿದ್ರ ಮತ್ತ ಮೊದಲಿಂದ. ಆರನೇ ವರ್ಷ, ಒಂದು ಮಂಗಳವಾರ, ನಾ ಎಂಟನೇ ಕೋಟಿ ಮುಟ್ಟಿದೆ. ಮಿಷಿನ್ ಹಂಗ ಚಾಲೂ ಇಟ್ಟೆ. ಅವ್ವ ಸ್ವಿಚ್ಚಿನ ಮುಂದ ಮಣಿ ಹಾಕಿಕೊಂಡು ಕೂತು ನಂದಾದೀಪ ಕಾಯ್ದಂಗ ಕಾಯ್ದಳು. ಗುರುವಾರ ನಮ್ಮ ಕಡೆ ಕರೆಂಟ್ ತಗೀತಾರ. ಅಂದ್ರ ಇರೂದು ಬುಧವಾರ ಒಂದೇ! ಬುಧವಾರ ನಾ ಆಫೀಸಿಗೆ ಹೋಗಲಿಲ್ಲ, ಹೇಳಿಯೂ ಇರಲಿಲ್ಲ.

ಹತ್ತೂವರಿಗೆ ಸಾಹೇಬರ ಫೋನ್ ಬಂತು. ಅವ್ವ ಎತ್ತಿದಳು. ಅವ್ವಗ ಮರಾಠಿ ಬರೂದು ಕಾಯಿಪಲ್ಲೆ ತರೂವಷ್ಟು, ಸುಳ್ಳು ಅಂತೂ ಯಾವ ಭಾಷಾದಾಗೂ ಬರೂದಿಲ್ಲ. ತನಗ ಬಂದಷ್ಟರಾಗ ಹೇಳಿದಳು: ಒಬ್ಬಾಕಿ ಹುಡುಗಿನ್ನ ಒಬ್ಬ ದುಷ್ಟ ಕೂಡಿ ಹಾಕ್ಯಾನ, ನನ್ನ ಮಗ ಬಿಡಸಾಕ ಹತ್ಯಾನ, ಇವತ್ತ ಆಗಲಿಲ್ಲಂದ್ರ ಮುಗೀತು.

ಒಂದು ತಾಸಿನ್ಯಾಗ ಸಾಹೇಬರು ಬಾಗಲದಾಗ! ಹಿಂದ ಆಫೀಸಿನ ಇಬ್ಬರು, ಒಬ್ಬನ ಕೈಯಾಗ ಛತ್ರಿ, ಇನ್ನೊಬ್ಬನ ಕೈಯಾಗ ಆಫೀಸಿನ ಗೆರಿ ಹೊಡಿಯೂ ಉದ್ದ ರೂಳ. ನಾ ಬನಿಯನ್ ಮ್ಯಾಲ ನೆಲದಾಗ ಕೂತೀನಿ, ಬೆವರು ಸುರೀತದ.

"ಹುಡುಗಿ ಎಲ್ಲಿ?" ಅಂತ ಸಾಹೇಬರು ಮರಾಠಿಯಾಗ ಗುಡುಗಿದ್ರು.

ನಾ ಟೀವಿ ತೋರಿಸಿದೆ. ಕೆಲಸ ಹೋತು ಅಂತ ತಿಳಕೊಂಡೆ. ಸಾಹೇಬರು ಟೀವಿ ನೋಡಿದ್ರು, ನನ್ನ ನೋಡಿದ್ರು, ಏನೋ ಬಯ್ಯಾಕ ಬಾಯಿ ತಗದ್ರು. ಅಷ್ಟರಾಗ ರಾಕ್ಷಸ ಬಂದ. ಸಾಹೇಬರು ಚೀರಿದ್ರು, "ಅರೇ, ಜಿಗಿ!"

ಜಿಗಿದೆ. ರಾಕ್ಷಸ ಕೆಂಡದ ಹೊಂಡಕ್ಕ ಬಿದ್ದ. ಬಾಗಲಾ ತಗೀತು. ಹುಡುಗಿ ಹೊರಗ ಬಂದು ನಿಂತಳು. ಆರು ವರ್ಷದ ಮ್ಯಾಲ! ನಾನೂ ಸಾಹೇಬರೂ ಅಪ್ಪಿಕೊಂಡೇ ಬಿಟ್ವಿ.

ಅವ್ವ ಮೊದಲ ತಯಾರಿದ್ದಳು. ಮುಂಜಾನೆಯಿಂದ ಹೋಳಿಗಿ ಮಾಡಿ ಇಟ್ಟಿದ್ದಳು, ನನ್ನ ಮ್ಯಾಲ ಅಷ್ಟು ನಂಬಿಕಿ. ಇಳಕಲ್ ಖಣ, ತೆಂಗಿನಕಾಯಿ, ಅಕ್ಕಿ, ಅರಿಶಿಣ ಕುಂಕುಮ ತಂದು ಟೀವಿ ಮುಂದ ಉಡಿ ತುಂಬಿದಳು. "ತವರಿಗೆ ಹೊಂಟಾಳ, ಬರಿಗೈಲೆ ಕಳಸಬಾರದು." ಸಾಹೇಬರು ಬೂಟು ಕಳದು ಕೈ ಮುಗದ್ರು. ಎಲ್ಲಾರ ಮುಂದೂ ತಾಟು ಬಂತು. ತುಪ್ಪ ಬಿತ್ತು. ನಾ ಮೊದಲನೇ ತುತ್ತು ಮುರದೆ.

ಟೀವಿಯೊಳಗ ಮತ್ತ ಬಾಜಾ ಸುರು ಆತು. ಆಟ ಮುಗದ್ರ ತಾನ ಮತ್ತ ಮೊದಲಿಂದ ಸುರು ಆಗತದ ಅಂತ ನನಗ ಹೆಂಗ ಗೊತ್ತಿರಬೇಕ್ರಿ? ನಾ ಯಾವಾಗ ಮುಗಿಸಿದ್ದೆ! ರಾಕ್ಷಸ ಬಂದ, ಹುಡುಗಿನ್ನ ಹೆಗಲ ಮ್ಯಾಲ ಹೊತಗೊಂಡು ಹೋಗೇಬಿಟ್ಟ.

"ಮುಟ್ಟಬ್ಯಾಡ್ರಿ!" ಅಂತ ಅವ್ವ ಚೀರಿದಳು. ನನ್ನ ಕೈಯಾಗಿನ ತುತ್ತು ಕಸಕೊಂಡಳು. ಸಾಹೇಬರ ತಾಟೂ ಎತ್ತಿದಳು. "ಬಿಡಿಸಿದಾಂವ ಮನೀತನಕ ಮುಟ್ಟಿಸಿ ಬರಬೇಕೋ ಬ್ಯಾಡೋ? ನಡುದಾರ್ಯಾಗ ಬಿಟ್ಟು ಹೋಳಿಗಿ ತಿನ್ನಾಕ ಕೂತಾನ!"

ಸಾಹೇಬರು ಅಡಗಿಮನಿ ಕಡೆ ಹೋಗೂ ತಾಟನ್ನ ಭಾಳ ಹೊತ್ತು ನೋಡಿದ್ರು. ಬೆರಳಿಗೆ ಹತ್ತಿದ್ದ ತುಪ್ಪ ನೆಕ್ಕಿದ್ರು. ಆಮ್ಯಾಲ ಕಿಸೆದಿಂದ ಪೆನ್ನು ತಗದು ಕೇಳಿದ್ರು:

"ಇನ್ನ ಎಷ್ಟ ದಿನ ರಜಾ ಬೇಕು?"