ಪರದೆಯ ಹಿಂದೆ ಎರಡನೇ ಜೋಡಿ

ಕರಡು ತಿದ್ದುವ ರಾಯರು ತಮ್ಮ ಕಿವಿಯನ್ನು ತಾವೇ ನಂಬಿದ್ದರೆ ಈ ಕತೆ ಅಂಗಡಿಯಲ್ಲೇ ಮುಗಿದುಹೋಗುತ್ತಿತ್ತು. ಪುಸ್ತಕದ ಕಪಾಟಿನಲ್ಲಿ ಕೂರುವಂಥ ಪುಟ್ಟ ಸ್ಪೀಕರ್ ಜೋಡಿಯಲ್ಲಿ ತೀರಿಹೋದ ಅಕ್ಕನ ಹಾಡಿನ ಕ್ಯಾಸೆಟ್ ಕೇಳಿದಾಗ, ಚರಣಕ್ಕೆ ಮೊದಲು ಆಕೆ ಉಸಿರೆಳೆದುಕೊಂಡದ್ದೂ ಕೇಳಿಸಿ ಅವರ ಕಣ್ಣು ತುಂಬಿತ್ತು. ಆದರೆ ಕಾಗುಣಿತದಲ್ಲಿ ಮಾತ್ರ ಧೈರ್ಯವಿದ್ದ ಆ ಪುಣ್ಯಾತ್ಮರು ಸಲಹೆಗೆಂದು ನಾದಬ್ರಹ್ಮನನ್ನು ಜೊತೆಗೆ ಕರೆದೊಯ್ದಿದ್ದರು.

ನಾದಬ್ರಹ್ಮ ಎಂಬುದು ಅವರ ಪ್ರೆಸ್ಸಿನ ಫೋರ್‌ಮನ್ನರ ಅಡ್ಡಹೆಸರು. ಮೂವತ್ತು ವರ್ಷ ಅಚ್ಚಿನ ಯಂತ್ರದ ಪಕ್ಕ ನಿಂತ ಆ ಮಹಾನುಭಾವರಿಗೆ ಊಟದ ಗಂಟೆಯನ್ನೂ ಭುಜ ತಟ್ಟಿ ತಿಳಿಸಬೇಕು. ಆದರೂ ಸಂಗೀತದ ವಿಷಯದಲ್ಲಿ ಅವರದೇ ಕೊನೆಯ ಮಾತು. ಉಳಿದವರ ಮಾತು ಅವರಿಗೆ ಕೇಳಿಸಬೇಕಲ್ಲ!

“ಇದು ಸ್ಪೀಕರ್ ಏನ್ರೀ? ಉಪ್ಪಿನ ಡಬ್ಬಿ!” ಎಂದು ಗುಡುಗಿ, ಗೋಧಿ ಮೂಟೆಯಂಥ ಇನ್ನೊಂದು ಜೋಡಿಯನ್ನೂ ಅದಕ್ಕೆ ತಕ್ಕ ಆಂಪ್ಲಿಫೈಯರನ್ನೂ ತೋರಿಸಿದರು.

“ಎರಡು ಜೋಡೀನೂ ಒಯ್ದು ಕೇಳಿ ಸಾರ್,” ಎಂದ ಅಂಗಡಿಯವ. “ಒಂದನ್ನ ಆರು ಗಂಟೆಯೊಳಗೆ ತಂದುಕೊಡಿ. ಆಮೇಲೆ ಬದಲಾಯಿಸೋ ಮಾತಿಲ್ಲ.”

ಮೆಟ್ಟಿಲ ಮೇಲೆ ಪೆಟ್ಟಿಗೆಗಳನ್ನು ಕಂಡ ಮಹಡಿಯ ಹಲ್ಲಿನ ಡಾಕ್ಟರು, ಕರೆಯದಿದ್ದರೂ ಬಂದು ಸೋಫಾದ ನಡುಮಧ್ಯ ಕುಳಿತರು.

“ಕಣ್ಣಿಗೆ ಕಂಡ್ರೆ ಕಿವಿ ಮೋಸಹೋಗುತ್ತೆ. ಪರದೆ ಕಟ್ಟಿ!”

ಪರದೆ ಬಂತು. ರಾಯರ ಹೆಂಡತಿ ಅದರ ಹಿಂದೆ ಹೋದರು. ಆಂಪ್ಲಿಫೈಯರಿನ ಗುಂಡಿ ಎಡಕ್ಕಿದ್ದರೆ ಪುಟ್ಟ ಜೋಡಿ, ಬಲಕ್ಕೆ ತಿರುಗಿಸಿದರೆ ದೊಡ್ಡದು.

“ಒಂದನೇದು!” ಎಂದರು ಆಕೆ. ಅಕ್ಕ ಹಾಡಿದಳು.

“ತಗಡು,” ಎಂದರು ನಾದಬ್ರಹ್ಮ.

“ಹಲ್ಲು ಕಟ್ಟಿಸದ ಬಾಯಿ,” ಎಂದರು ಡಾಕ್ಟರು.

ರಾಯರಿಗೂ ಏಕೋ ತಗಡೆನ್ನಿಸಿತು.

“ಈಗ ಎರಡನೇದು... ರೀ, ಇಲ್ನೋಡಿ, ಈ ಗುಂಡಿ—”

“ಶ್!” ಎಂದರು ಮೂವರೂ. ಅಕ್ಕ ಮತ್ತೆ ಹಾಡಿದಳು.

“ಆಹಾ! ಇದು ನಾದ!” ನಾದಬ್ರಹ್ಮರು ತೊಡೆ ತಟ್ಟಿ ತಾಳ ಹಾಕಿದರು, ತಾಳ ಬೇರೆ ಯಾವುದೋ ಹಾಡಿಗೆ ಸರಿಹೊಂದುತ್ತಿತ್ತು.

“ಕತ್ತಲೆಗೂ ಬೆಳಕಿಗೂ ಇರೋ ಅಂತರ!” ಎಂದರು ಡಾಕ್ಟರು.

“ಅಕ್ಕ ಎದುರಿಗೇ ಕೂತ ಹಾಗಿದೆ,” ಎಂದು ರಾಯರು ಕಣ್ಣೊರೆಸಿಕೊಂಡರು.

ತೀರ್ಪಾಯಿತು. ಆರಕ್ಕೆ ಹತ್ತು ನಿಮಿಷವಿರುವಾಗ ಪುಟ್ಟ ಜೋಡಿ ಅಂಗಡಿ ಸೇರಿತು. ಏನೋ ಕೆಲಸವಿದೆಯೆಂದು ನಾದಬ್ರಹ್ಮರು ಅಲ್ಲೇ ಉಳಿದರು.

ಮನೆಗೆ ಬಂದ ರಾಯರು ಕ್ಯಾಸೆಟ್ ಹಾಕಿದರು. ಸದ್ದಿಲ್ಲ. ಗುಂಡಿಯನ್ನು ನೋಡಿದರೆ ಇನ್ನೂ ಎಡಕ್ಕೇ ಇದೆ! ಎರಡೂ ಕೈ ಹಚ್ಚಿ ತಿರುಗಿಸಿದರು. ಟಕ್! ಅಕ್ಕ ಹಂಡೆಯೊಳಗಿನಿಂದ ನರಳಿದಳು. ಕಿಟಕಿಯ ಗಾಜು ಶ್ರುತಿ ಹಿಡಿಯಿತು.

“ಆಗ ಅದು ತಿರುಗಲೇ ಇಲ್ಲರೀ,” ಎಂದರು ಹೆಂಡತಿ. “ಎರಡು ಸಲಾನೂ ಹಾಡಿದ್ದು ಚಿಕ್ಕದೇ. ಹೇಳೋಕೆ ಬಂದ್ರೆ ಶ್ ಅಂದ್ರಿ. ಆಮೇಲೆ ನೀವು ಅತ್ತುಬಿಟ್ರಿ, ಸುಮ್ಮನಾದೆ.”

ರಾಯರು ಚಪ್ಪಲಿ ಮೆಟ್ಟಿ ಬಾಗಿಲು ತೆರೆದರು. ಎದುರಿಗೆ ನಾದಬ್ರಹ್ಮ, ಕಂಕುಳಲ್ಲಿ ಅದೇ ಉಪ್ಪಿನ ಡಬ್ಬಿಗಳು.

“ವಾಪಸ್ ಬಂದ ಮಾಲು ಅಂತ ಅಗ್ಗಕ್ಕೆ ಕೊಟ್ಟ ಕಣ್ರೀ. ನಮ್ಮ ಅಡುಗೆಮನೆಗೆ ಸಾಕು. ನಿಮ್ಮದು ಹೇಗಿದೆ?”

ಒಳಗೆ ಅಕ್ಕ ಹಂಡೆಯಲ್ಲಿ ಚರಣಕ್ಕೆ ಬಂದಿದ್ದಳು. ನಿಜ ಹೇಳಲು ಬಾಯಿ ತೆರೆದ ರಾಯರಿಗೆ ತಾವೂ ಕಣ್ಣೊರೆಸಿಕೊಂಡದ್ದು ನೆನಪಾಯಿತು.

“ಆಹಾ!” ಎಂದರು.

“ನಾ ಹೇಳಲಿಲ್ವಾ? ಹಾಗಾದ್ರೆ ಆ ಕ್ಯಾಸೆಟ್ ನಾಲ್ಕು ದಿನ ಕೊಟ್ಟಿರಿ. ಈ ತಗಡಿನಲ್ಲಿ ಹಾಕಿ, ನಮ್ಮ ಮನೆಯವಳಿಗೆ ವ್ಯತ್ಯಾಸ ತೋರಿಸ್ಬೇಕು.”