ಒಂದೇ ಪಂಕ್ತಿಯಲ್ಲಿ ಮೂವರು ಡಾಕ್ಟರು

ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರನಾಗಿ ರಿಟೈರ್ ಆದವನು ನಾನು. ಊರಿನ ಅರ್ಧ ಗಂಡಸರಿಗೆ ಎಡ-ಬಲ, ಎಡ-ಬಲ ಎಂದು ಹೆಜ್ಜೆ ಕೂಡಿಸಿ ನಡೆಯುವುದನ್ನು ಕಲಿಸಿದ ಹಿರಿಮೆ ನನ್ನದು. ಅಂಥವನ ಎದೆಯೇ ಕಳೆದ ವರ್ಷ ಹೆಜ್ಜೆ ತಪ್ಪಿತು! ಎರಡು ಸಲ ಬಡಿಯುವುದು, ನಡುವೆ ನಿಂತು ಯೋಚನೆ ಮಾಡುವುದು, ಆಮೇಲೆ ಬಸ್ಸು ತಪ್ಪಿದವರ ಹಾಗೆ ಓಡುವುದು. ಹುಡುಗನಾಗಿದ್ದರೆ ಗ್ರೌಂಡಿಗೆ ನಾಲ್ಕು ಸುತ್ತು ಹಾಕಿಸುತ್ತಿದ್ದೆ. ಎದೆಗೆ ಶಿಕ್ಷೆ ಕೊಡುವ ಅಧಿಕಾರ ನನಗಿರಲಿಲ್ಲವಾದ್ದರಿಂದ ನಮ್ಮ ಮನೆ ಡಾಕ್ಟರ ಬಳಿ ಹೋದೆ.

ನಮ್ಮ ಡಾಕ್ಟರು ಹಳೆಯ ಕಾಲದವರು, ನನ್ನ ಮದುವೆ ಊಟ ಉಂಡವರು. ಇಸಿಜಿ ಪಟ್ಟಿಯನ್ನು ನೋಡಿ ತಲೆ ಅಲ್ಲಾಡಿಸಿದರು. ಬಡಿತ ಹೀಗೆ ತಪ್ಪಿದರೆ ಎದೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ತಲೆಗೆ ಹೋದರೆ ಲಕ್ವಾ ಹೊಡೆಯಬಹುದು, ನಿಮಗೆ ವಯಸ್ಸಾಗಿದೆ, ಬಿ.ಪಿ. ಇದೆ, ಸಕ್ಕರೆಯೂ ಇದೆ, ಆದ್ದರಿಂದ ರಕ್ತ ತೆಳ್ಳಗೆ ಮಾಡುವ ಗುಳಿಗೆ ದಿನಾ ತಪ್ಪದೆ ತೆಗೆದುಕೊಳ್ಳಬೇಕು ಎಂದರು.

ದಿನಾ ಗುಳಿಗೆ! ಬೆಳಿಗ್ಗೆ ಬೈಠಕ್ ಹೊಡೆಯುವವನಿಗೆ ಔಷಧಿ ಅಂಗಡಿಯ ಹಾದಿಯೇ ಗೊತ್ತಿರಬಾರದು ಎಂದು ಜೀವನವಿಡೀ ಭಾಷಣ ಮಾಡಿದವನು ನಾನು. ಬಿ.ಪಿ. ಗುಳಿಗೆಯನ್ನೂ ಸಕ್ಕರೆ ಗುಳಿಗೆಯನ್ನೂ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನುಂಗುತ್ತಿದ್ದೆ. ಈಗ ಮೂರನೆಯದೂ ಬಂದರೆ ಬಚ್ಚಲಲ್ಲೇ ಹಾಸಿಗೆ ಹಾಸಬೇಕಾಗುತ್ತಿತ್ತು.

ನನ್ನ ಹೆಂಡತಿ ಗಿರಿಜಾಳಿಗೆ ಮಾತ್ರ ಈ ವಿಷಯದಲ್ಲಿ ನಗೆ ಬರುತ್ತಿರಲಿಲ್ಲ. ಅವಳ ತಾಯಿ ಲಕ್ವಾ ಹೊಡೆದು ವರ್ಷಗಟ್ಟಲೆ ಮಲಗಿದ್ದರು. ಅವಳು ಗುಳಿಗೆ ಮುಂದೆ ಹಿಡಿದಾಗಲೆಲ್ಲ, ಒಬ್ಬರ ಮಾತು ಕೇಳಿ ನುಂಗುವುದು ಬುದ್ಧಿವಂತರ ಲಕ್ಷಣವಲ್ಲ, ಇನ್ನಿಬ್ಬರನ್ನು ಕೇಳೋಣ ಎಂದು ಹೇಳಿ ಜಾರಿಕೊಂಡೆ. ಮಗಳು ಬಾಣಂತನಕ್ಕೆ ಬಂದಿದ್ದರಿಂದ ಗಿರಿಜಾ ನನ್ನ ಜೊತೆ ಬರುವಂತಿರಲಿಲ್ಲ. ಅಲ್ಲೇ ನೋಡಿ ನನ್ನ ದಾರಿ ಸಲೀಸಾದದ್ದು.

ಮೊದಲು ಸವದತ್ತಿಗೆ ಅಕ್ಕನ ಮನೆಗೆ ಹೋದೆ. ಅಕ್ಕ ತನ್ನ ಡಾಕ್ಟರ್ ಬಾಯಿಯ, ಅಂದರೆ ಲೇಡಿ ಡಾಕ್ಟರ, ಹತ್ತಿರ ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂತಳು. ಅಕ್ಕ "ಎಷ್ಟ ಸೊರಗೀಯೋ ತಮ್ಮಾ" ಅಂದಳೆಂದರೆ ನನಗೆ ಇಲ್ಲದ ರೋಗಗಳೂ ನೆನಪಾಗುತ್ತವೆ. ಡಾಕ್ಟರ್ ಬಾಯಿ, ಎಲ್ಲಿಯಾದರೂ ಬಿದ್ದಿದ್ದೀರಾ ಎಂದು ಕೇಳಿದರು. ಬಚ್ಚಲಲ್ಲಿ ಒಮ್ಮೆ ಜಾರಿದ್ದು ನಿಜ. ಅಕ್ಕನ ಮುಖ ನೋಡುತ್ತ ನೋಡುತ್ತ ಅದು ವಾರಕ್ಕೊಮ್ಮೆ ಬೀಳುವುದಾಯಿತು. ಹಲ್ಲುಜ್ಜುವಾಗ ಎಂದೋ ಕಂಡ ಒಂದು ಹನಿ ರಕ್ತ ದಿನಾ ಬೊಗಸೆ ತುಂಬ ಬರತೊಡಗಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಥೆಗೆ ನನಗೇ ದುಃಖವಾಯಿತು. ಇಷ್ಟು ಬೀಳುವವರಿಗೆ, ಇಷ್ಟು ರಕ್ತ ಹೋಗುವವರಿಗೆ ಈ ಗುಳಿಗೆ ಈಗಲೇ ಬೇಡ, ಮೊದಲು ಪರೀಕ್ಷೆ ಮಾಡಿಸಿ ಎಂದು ಡಾಕ್ಟರ್ ಬಾಯಿ ಹೇಳಿದರು. ನನ್ನ ಕಿವಿ 'ಬೇಡ' ಎಂಬಲ್ಲಿಗೆ ಮುಚ್ಚಿಕೊಂಡಿತು.

ಆಮೇಲೆ ರಾಮದುರ್ಗ. ಅದು ಗಿರಿಜಾಳ ತವರೂರು, ಅಂದರೆ ನಾನು ಅಲ್ಲಿ ಅಳಿಯ! ಡಾಕ್ಟರ ಮುಂದೆ ಗಿರಿಜಾಳ ತಮ್ಮ ಈರಣ್ಣ ನನ್ನ ಪಕ್ಕ ಕೂತಿದ್ದ. ಅವನ ಕಣ್ಣಿಗೆ ನಾನು ಇಂದಿಗೂ ಮದುವೆಯಲ್ಲಿ ಕುದುರೆ ಏರಿ ಬಂದ ಪೈಲ್ವಾನ. ಬಿ.ಪಿ. ಇದೆಯೇ ಎಂದರು ಆ ತರುಣ ಡಾಕ್ಟರು. ಹಾಗಂದರೇನು ಎಂದೆ. ಸಕ್ಕರೆ? ಚಹಾದಲ್ಲಿ ಮಾತ್ರ ಎಂದೆ. ಬೀಳುವುದು? ಬೀಳಿಸುವುದಷ್ಟೇ ಗೊತ್ತು ಎಂದೆ. ಈರಣ್ಣ ಫೋನು ಬಂತೆಂದು ಹೊರಗೆ ಹೋದ ಗಳಿಗೆಯಲ್ಲಿ ವಯಸ್ಸನ್ನೂ ಒಂದಿಷ್ಟು ಇಳಿಸಿದೆ, ಕೂದಲಿಗೆ ಹಚ್ಚಿದ ಬಣ್ಣ ಸಾಕ್ಷಿ ಹೇಳಿತು. ಹಾಗಿದ್ದರೆ ಸದ್ಯಕ್ಕೆ ಈ ಗುಳಿಗೆ ಬೇಕಾಗುವುದಿಲ್ಲ ಎಂದರು. ಅಂದು ಅತ್ತೆ ಮನೆಯಲ್ಲಿ ತುಪ್ಪದಲ್ಲಿ ಮುಳುಗಿಸಿದ ಹೋಳಿಗೆ ತಿಂದೆ.

ಊರಿಗೆ ಬಂದು ಎರಡು ಮತ ನನಗೆ, ಒಂದು ಮತ ಗುಳಿಗೆಗೆ ಎಂದು ಫಲಿತಾಂಶ ಘೋಷಿಸಿದೆ. ಗಿರಿಜಾ ಗುಳಿಗೆಯ ಡಬ್ಬಿಯನ್ನು ನನ್ನ ಮುಂದೆಯೇ ಇಟ್ಟಳು. "ಮೂರೂ ಮಂದಿ ಒಂದ ಕಡೆ ಕುಂತು ನನ್ನ ಮುಂದ ಬ್ಯಾಡ ಅನ್ಲಿ. ಆಮ್ಯಾಲ ನಾ ಆ ಗುಳಿಗಿ ಹೆಸರ ಎತ್ತೂದಿಲ್ಲ" ಅಂದಳು.

ಇಷ್ಟೇ ತಾನೆ! ಮೊಮ್ಮಗಳ ತೊಟ್ಟಿಲು ಕಾರ್ಯಕ್ರಮ ಭಾನುವಾರವೇ ಇತ್ತು. ನಮ್ಮ ಡಾಕ್ಟರು ಹೇಗೂ ಬರುವವರು. ಡಾಕ್ಟರ್ ಬಾಯಿಯನ್ನು ಅಕ್ಕ ಹೊರಡಿಸಿದಳು, ತರುಣ ಡಾಕ್ಟರನ್ನು ಈರಣ್ಣ ತನ್ನ ಕಾರಿನಲ್ಲೇ ಕರೆತಂದ. ನನ್ನ ಎರಡು ಕಥೆಗಳ ಸಾಕ್ಷಿಗಳನ್ನು ನಾನೇ ಆಮಂತ್ರಣ ಕೊಟ್ಟು ಕರೆಸುತ್ತಿದ್ದೇನೆಂದು ಹೊಳೆಯಲೇ ಇಲ್ಲ ನೋಡಿ. ಜಾಣ ಎಂದರೆ ನಾನು.

ಕೂಸಿಗೆ ಹೆಸರಿಟ್ಟು ಪಂಕ್ತಿ ಕೂತಿತು. ಮೂವರು ಡಾಕ್ಟರನ್ನು ಸಾಲಾಗಿ ಕೂರಿಸಿ ನಾನೂ ಎದುರಿಗೆ ಎಲೆ ಹಾಕಿಸಿಕೊಂಡೆ. ಹೋಳಿಗೆ ಬಿದ್ದ ಮೇಲೆ ಗಂಟಲು ಸರಿಪಡಿಸಿಕೊಂಡು, ನನ್ನ ಗುಳಿಗೆಯ ನ್ಯಾಯವನ್ನು ಹಿರಿಯರಾದ ತಾವು ಇಲ್ಲೇ ಬಗೆಹರಿಸಬೇಕೆಂದು ವಿನಂತಿಸಿದೆ. ಗಿರಿಜಾ ತುಪ್ಪದ ತಂಬಿಗೆ ಹಿಡಿದು ಅಲ್ಲೇ ನಿಂತಳು.

ತರುಣ ಡಾಕ್ಟರು, ಇಷ್ಟು ಗಟ್ಟಿ ಮನುಷ್ಯನಿಗೆ ಯಾಕೆ ಗುಳಿಗೆ ಎಂದು ಶುರು ಮಾಡಿದರು. ಗೆದ್ದೆ ಅಂದುಕೊಂಡೆ.

"ಗಟ್ಟಿ ಎಲ್ಲಿ ಬಂತ್ರಿ? ವಾರಕ್ಕೊಮ್ಮೆ ಬೀಳ್ತಾರಲ್ಲ ಇವರು" ಅಂದರು ಡಾಕ್ಟರ್ ಬಾಯಿ.

ಹೆಂಗಸರ ಸಾಲಿನಿಂದ ಅಕ್ಕ ದನಿಗೂಡಿಸಿದಳು: "ಹೌದ್ರಿ ಬಾಯಾರ, ದಿನಾ ಬೊಗಸಿ ರಕ್ತ ಹೋಗತೈತಿ ನನ್ನ ತಮ್ಮಂದು."

ಬಡಿಸುತ್ತಿದ್ದ ಈರಣ್ಣನಿಗೆ ಅವಮಾನವಾಯಿತು. "ನಮ್ಮ ಮಾಮಾಂದ? ಅವರಿಗೆ ಬಿ.ಪಿ. ಅಂದ್ರ ಏನಂತನೂ ಗೊತ್ತಿಲ್ಲ" ಅಂದ.

ನಮ್ಮ ಹಳೆಯ ಡಾಕ್ಟರು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಕೆಳಗಿಟ್ಟರು. "ಬಿ.ಪಿ. ಗುಳಿಗಿ, ಸಕ್ರಿ ಗುಳಿಗಿ ಎಷ್ಟೋ ವರ್ಷದಿಂದ ನಾನ ಕೊಡಾಕತ್ತೇನಿ. ಮಾಸ್ತರ್ರ, ಅವನ್ನ ಯಾರ ನುಂಗಾಕತ್ತಾರ?"

ನಾನು ಕೋಸಂಬರಿಯಲ್ಲಿ ಏನೋ ಕಳೆದುಕೊಂಡವನಂತೆ ಹುಡುಕುತ್ತಿದ್ದೆ. ಮೂವರೂ ಒಬ್ಬರನ್ನೊಬ್ಬರು ಕೇಳಿ ಕೇಳಿ ಎಲ್ಲವನ್ನೂ ಹೊರಗೆ ತೆಗೆದರು, ಇಳಿಸಿದ ವಯಸ್ಸು ಕೂಡ ಬಂತು. ಕೊನೆಗೆ ನಮ್ಮ ಡಾಕ್ಟರು ತೀರ್ಪು ಕೊಟ್ಟರು.

"ನಮ್ಮ ಮೂರೂ ಮಂದಿದೂ ಬರೋಬರಿನ ಐತಿ. ಪೇಷಂಟ ಮೂರು ಮಂದಿ ಆಗ್ಯಾರ."

ನಗು ಆ ತುದಿಯಿಂದ ಈ ತುದಿಗೆ ಹರಿಯಿತು. ನನ್ನ ಹಳೆಯ ವಿದ್ಯಾರ್ಥಿಗಳಂತೂ ನೆತ್ತಿಗೇರಿಸಿಕೊಂಡು ಕೆಮ್ಮಿದರು. ನಗದೆ ನಿಂತವಳು ಗಿರಿಜಾ ಒಬ್ಬಳೇ. ಬಗ್ಗಿ, ನನಗಷ್ಟೇ ಕೇಳುವಂತೆ ಹೇಳಿದಳು: "ನಮ್ಮವ್ವಗ ಮಾತ ಹೋದಾಗ ಬಾಯಾಗ ಗಂಜಿ ಹಾಕಿದಾಕಿ ನಾನು. ನಿಮಗ ಹಾಕೂ ಶಕ್ತಿ ನನ್ನಾಗ ಇಲ್ರಿ."

ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು. "ತಗೋತೇನಿ" ಅಂದೆ. ನಾಳೆಯೇ ರಕ್ತ ತಪಾಸಣೆ ಮಾಡಿ ಶುರು ಮಾಡೋಣ ಎಂದರು ನಮ್ಮ ಡಾಕ್ಟರು, ಇನ್ನಿಬ್ಬರೂ ಹೂಂಗುಟ್ಟಿದರು. ಅಷ್ಟರಲ್ಲಿ ಮೂವರ ಕಣ್ಣೂ ಒಟ್ಟಿಗೇ ನನ್ನ ಎಲೆಯ ಮೇಲಿನ ಹೋಳಿಗೆಗಳ ಮೇಲೆ ಬಿದ್ದವು. ಈರಣ್ಣ ಅವನ್ನು ಎತ್ತಿಕೊಂಡು ಒಳಗೆ ನಡೆದ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ನನಗೆ ಉಣ್ಣಲೂ ಬಿಡಲಿಲ್ಲ.

ಈಗ ಗುಳಿಗೆಯನ್ನು ಬಚ್ಚಲಲ್ಲಲ್ಲ, ಪಡಸಾಲೆಯಲ್ಲಿ ಗಿರಿಜಾಳ ಎದುರಿಗೇ ನುಂಗುತ್ತೇನೆ. ದವಾಖಾನೆಗೆ ಹೋದರೂ ಅವಳೇ ಜೊತೆ. ಡಾಕ್ಟರ ಪ್ರಶ್ನೆಗಳಿಗೆ ಅವಳು ಉತ್ತರ ಕೊಡುತ್ತಾಳೆ, ನಾನು ನಾಲಿಗೆ ತೋರಿಸುತ್ತೇನೆ. ಮೊನ್ನೆ ಅಲ್ಲಿಗೆ ಹೊಸದಾಗಿ ಬಂದ ನರ್ಸೊಬ್ಬಳು ನೇರವಾಗಿ ನನ್ನನ್ನೇ ಕೇಳಿಬಿಟ್ಟಳು, "ನಿಮ್ಮ ಹೆಸರೇನ್ರಿ, ಅಜ್ಜಾರ?"

ಹೇಳಲು ಬಾಯಿ ತೆರೆದೆ. ಸುಮ್ಮನೆ ಯಾಕೆ ಬೇಕೆಂದು ಮೊದಲು ಗಿರಿಜಾಳ ಮುಖ ನೋಡಿದೆ. ಅವಳು "ಹೇಳ್ರಿ" ಅಂದ ಮೇಲೆ ಹೇಳಿದೆ.