ವೆಂಕಟಾಚಲನ ಕಲಾಸಂಹಾರ

ವೆಂಕಟಾಚಲನಿಗೆ ಆಧುನಿಕ ಕಲೆಯ ಮೇಲೆ ಸಿಟ್ಟು ಬಂದದ್ದು ಶಿವಮೊಗ್ಗದಲ್ಲೇ ನಡೆದ ಒಂದು ಪ್ರದರ್ಶನದಲ್ಲಿ. ಹರಿದ ಸೊಳ್ಳೆಪರದೆಯೊಳಗೆ ಒಂಟಿ ಚಪ್ಪಲಿಯೊಂದನ್ನು ತೂಗುಹಾಕಿ, ಕೆಳಗೆ ‘ಮೌನ’ ಎಂದು ಬರೆದಿದ್ದರು. ಅರ್ಧ ಊರು ‘ಅದ್ಭುತ’ ಎಂದಿತು. ಉಳಿದರ್ಧ ‘ಅವಮಾನ’ ಎಂದು ಪತ್ರಿಕೆಗೆ ಬರೆಯಿತು. (ಯಾರಿಗೆ ಅವಮಾನ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.) ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಹೇಳಿ ಹುಡುಗರನ್ನು ಮಲಗಿಸುತ್ತಿದ್ದ ವೆಂಕಟಾಚಲ, ನಾಡಿನ ಸಂಸ್ಕೃತಿಯನ್ನು ಇನ್ನು ತಾನೇ ಉಳಿಸಬೇಕೆಂದು ತೀರ್ಮಾನಿಸಿ ಹಾಸ್ಯ ನಾಟಕವೊಂದನ್ನು ಬರೆದ: ‘ಕಲೆಯೋ ಕೊಲೆಯೋ’.

“ಕಲೆ ವಿಷ್ಯ ನನ್ನ ಕೇಳಿ,” ಎಂದಳು ಹೆಂಡತಿ ಮೀರಾ, ಅವನ ಅಂಗಿ ಉಜ್ಜುತ್ತ. “ಮದುವೆ ಆದಾಗಿಂದ ಸಾರಿನ ಕಲೆ ತೆಗೀತಾ ಇದೀನಿ.”

“ಮೂರು ಅಂಕ ಓದಿದ್ನಲ್ಲ, ನಿಂಗೆ ನಗುನೇ ಬರ್ಲಿಲ್ವಾ?”

“ಮುಗೀತಲ್ಲ ಅಂತ ನಕ್ಕೆ. ನೀವು ನೋಡ್ಲಿಲ್ಲ.”

ಭದ್ರಾವತಿಯ ಹವ್ಯಾಸಿ ತಂಡದ ನಿರ್ದೇಶಕ ಜ್ಞಾನೇಶ್, ಬೇರೆ ನಾಟಕ ಸಿಗದೆ, ಇದನ್ನೇ ಒಪ್ಪಿಕೊಂಡ. ಆದರೆ ರಂಗಸಾಮಗ್ರಿ ನಾಟಕಕಾರನೇ ಒದಗಿಸಬೇಕು. ಮೀರಾ ಗಾಂಧಿ ಬಜಾರಿಗೆ ಹೋದ ಸಮಯ ನೋಡಿ ವೆಂಕಟಾಚಲ ಅಟ್ಟ ಹತ್ತಿ, ಕೈಗೆ ಸಿಕ್ಕದ್ದನ್ನೆಲ್ಲ ಚೀಲಕ್ಕೆ ತುಂಬಿ ಭದ್ರಾವತಿಗೆ ಸಾಗಿಸಿದ. ಅಲ್ಲಿ ಅವನ್ನೆಲ್ಲ ತಂತಿಯಲ್ಲಿ ಬಿಗಿದು, ಮೇಲೊಂದು ಚಪ್ಪಲಿ ಕಟ್ಟಿದಾಗ ‘ವಿಶ್ವವೇದನೆ’ ಎಂಬ ಕಲಾಕೃತಿ ಸಿದ್ಧವಾಯಿತು.

ಪ್ರದರ್ಶನದ ಸಂಜೆ ನಟಿ ಕವನಾಳ ಗಂಟಲು ಕಟ್ಟಿತು. ಅವಳಿಗಿದ್ದದ್ದು ಒಂದೇ ಮಾತು. ಕಲಾಕೃತಿಯನ್ನು ನೋಡಿ “ಅಬ್ಬಾ, ಎಂಥ ಆಳ!” ಎನ್ನಬೇಕು. ಅವಳ ಬದಲು ಆ ಮಾತು ಹೇಳು ಎಂದು ವೆಂಕಟಾಚಲ, ನಾಟಕ ನೋಡಲು ಬಂದಿದ್ದ ಮೀರಾಳ ಕಾಲು ಹಿಡಿಯುವುದೊಂದು ಬಾಕಿ.

“ಎರಡು ನಿಮಿಷ ಮಾರಾಯ್ತಿ. ನನ್ನ ಮಾನ ನಿನ್ನ ಕೈಲಿದೆ.”

“ಮನೇಲೂ ಅಲ್ಲೇ ಇರೋದು ಬಿಡಿ,” ಎಂದು ಮೀರಾ ಸೆರಗು ಸರಿಮಾಡಿಕೊಂಡಳು.

ನಾಟಕ ಶುರುವಾಯಿತು. ನಗಬೇಕಾದ ಕಡೆ ಜನ ಕೆಮ್ಮಿದರು. ಮುಂದಿನ ಸಾಲಿನವರು ಸಾವಿನ ಮನೆಗೆ ಬಂದವರಂತೆ ಕೈಕಟ್ಟಿ ಕುಳಿತಿದ್ದರು. ಪರದೆಯ ಮರೆಯಲ್ಲಿ ನಿಂತಿದ್ದ ವೆಂಕಟಾಚಲನ ಅಂಗಿ ಬೆವರಿಗೆ ತೊಯ್ದುಹೋಯಿತು.

ಮೀರಾ ರಂಗಕ್ಕೆ ಬಂದಳು. ಕಲಾಕೃತಿಯನ್ನು ನೋಡಿದಳು. ಹತ್ತಿರ ಹೋಗಿ ಇನ್ನೊಮ್ಮೆ ನೋಡಿದಳು.

“ಅಬ್ಬಾ... ಅಯ್ಯೋ! ಇದು ನಮ್ಮಮ್ಮ ಕೊಟ್ಟ ಶ್ಯಾವಿಗೆ ಒರಳು! ಹಿತ್ತಾಳೇದು! ಇದಕ್ಕೆ ಚಪ್ಪಲಿ ಕಟ್ಟಿದೀರಾ? ರೀ! ಎಲ್ಲಿ ಅಡಗಿದೀರಿ? ಬನ್ರೀ ಈಚೆಗೆ!”

ಸಭೆ ಮೊದಲ ಬಾರಿಗೆ ನಕ್ಕಿತು. ಸುಮ್ಮನಿರು ಎಂದು ಸನ್ನೆ ಮಾಡಲು ವೆಂಕಟಾಚಲ ಕೈ ಹೊರಚಾಚಿದ. ಅದೇ ಕೈ ಹಿಡಿದು ಮೀರಾ ಅವನನ್ನು ದೀಪದ ಬೆಳಕಿಗೆ ಎಳೆದಳು.

“ಮೆಲ್ಲಗೆ ಮಾರಾಯ್ತಿ, ಜನ ನೋಡ್ತಿದಾರೆ!”

“ನೋಡ್ಲಿ! ಒಂದು ಹಪ್ಪಳ ಸುಡಕ್ಕೆ ಬರಲ್ಲ, ವಿಶ್ವವೇದನೆ ಅಂತೆ! ಮನೆಗೆ ಬನ್ನಿ, ವೇದನೆ ಅಂದ್ರೇನು ಅಂತ ನಾನು ತೋರಿಸ್ತೀನಿ!”

ಶಿಳ್ಳೆಗಳ ನಡುವೆ ಒರಳನ್ನು ಬಿಚ್ಚಿಕೊಂಡು, ಕಂಕುಳಲ್ಲಿಟ್ಟುಕೊಂಡು ಮೀರಾ ರಂಗದಿಂದ ಇಳಿದು ಹೋದಳು.

ಮರುದಿನ ಜ್ಞಾನೇಶ್ ಸಿಹಿ ಹಿಡಿದುಕೊಂಡು ಕೋಟೆ ಹತ್ತಿರದ ಅವರ ಮನೆಗೆ ಬಂದ. ನಾಟಕವನ್ನು ಶಿವಮೊಗ್ಗದಲ್ಲೂ ಆಡಿಸಬೇಕೆಂದು ಇಲ್ಲಿನ ಸಂಘವೊಂದು ಕರೆದಿತ್ತು. ವೆಂಕಟಾಚಲನ ಎದೆ ಉಬ್ಬಿತು.

“ನೋಡಿದ್ಯಾ ಮೀರಾ? ಬರವಣಿಗೆಗೆ ಬೆಲೆ ಇದ್ದೇ ಇದೆ!”

“ಅದನ್ನೇ ಹೇಳಕ್ಕೆ ಬಂದೆ ಸಾರ್,” ಜ್ಞಾನೇಶ್ ತಲೆ ಕೆರೆದುಕೊಂಡ. “ಬರವಣಿಗೆ ಅಷ್ಟೂ ತೆಗೀರಿ ಅಂದಿದಾರೆ. ಮೀರಕ್ಕ ಬೈಯೋದೊಂದು ಇರ್ಲಿ, ಒಂದೂವರೆ ಗಂಟೆ.”

“ಅಷ್ಟು ಹೊತ್ತು ಸಾಲಲ್ಲ,” ಎಂದಳು ಮೀರಾ.

“ಮತ್ತೆ ನಾನು?”

“ನೀವೇ ಕಲಾಕೃತಿ ಸಾರ್. ಒರಳು ಇನ್ನು ಸಿಗಲ್ವಲ್ಲ, ಆ ಜಾಗದಲ್ಲಿ ನಿಮ್ಮನ್ನ ತಂತಿ ಸುತ್ತಿ ನಿಲ್ಲಿಸ್ತೀವಿ. ಡೈಲಾಗ್ ಏನೂ ಇಲ್ಲ.”

ವೆಂಕಟಾಚಲ ಹೆಂಡತಿಯ ಮುಖ ನೋಡಿದ.

“ಒಪ್ಕೊಳ್ಳಿ,” ಎಂದಳು ಮೀರಾ, ಸಿಹಿಯ ಡಬ್ಬಿ ತೆರೆಯುತ್ತ. “ನಿಮಗೆ ರಿಹರ್ಸಲ್ಲೂ ಬೇಕಾಗಲ್ಲ.”